ಮೆಳ್ಳೆಗಣ್ಣಿನ ಪಲ್ಟನ್

ನಮ್ಮ ಸೋದರಮಾವನಿಗೆ ಓಣಿಯವರು ಇಟ್ಟ ಹೆಸರು ದಂಡನಾಯಕ. ಅವನ ಕೈಕೆಳಗೆ ಸಾವಿರಾರು ಸೈನಿಕರಿದ್ದಾರೆ, ಒಬ್ಬನೂ ಹೆಬ್ಬೆರಳಿಗಿಂತ ಎತ್ತರವಿಲ್ಲ. ತವರದಲ್ಲಿ ಎರಕ ಹೊಯ್ದ ಬೊಂಬೆಗಳಿಗೆ ಬಣ್ಣ ಹಚ್ಚುವುದು ಅವನ ಕಸುಬು. ಬಿಳಿಯರು ಹಡಗಿನಲ್ಲಿ ಬಂದು ಕಂಡವರ ನೆಲ ಕಬಳಿಸುತ್ತಿದ್ದ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಆಡುವ ಹುಚ್ಚಿನವರು ಕೆಲವರಿದ್ದಾರೆ. ಹಲ್ಲಿನ ಡಾಕ್ಟರು, ವಕೀಲರು, ನಿವೃತ್ತ ಮೇಷ್ಟ್ರು, ಎಲ್ಲ ತಲೆ ನೆರೆತವರೇ. ದಾಳ ಉರುಳಿಸಿ, ಅಳತೆ ಟೇಪು ಹಿಡಿದು ಪಡೆ ನಡೆಸುತ್ತಾರೆ. ಅವರಿಗೆ ಬೇಕಾದ ಕೆಂಪು ಕೋಟಿನವರೂ ಎದುರು ನಿಂತ ನೆಲದ ಮಕ್ಕಳೂ ಮಾವನ ಕಿಟಕಿ ಪಕ್ಕದ ಮೇಜಿನಿಂದಲೇ ಹೊರಡುತ್ತಾರೆ.

ಇಂಥ ಸೇನೆಯ ಒಡೆಯ ಜಿರಲೆ ಕಂಡರೆ ಕುರ್ಚಿ ಹತ್ತುತ್ತಾನೆ. ಸೂಜಿಯ ಮಾತೆತ್ತಿದರೆ ಜ್ವರವೇ ಇಳಿದುಹೋಯಿತು ಎನ್ನುತ್ತಾನೆ. ಹಾಗಾಗಿ ಅವನ ಭಯವನ್ನು ನಾವ್ಯಾರೂ ಲೆಕ್ಕಕ್ಕಿಟ್ಟವರಲ್ಲ. ನಗುವುದಕ್ಕೆ ಅದೊಂದು ನೆಪವಾಗಿತ್ತು, ಅಷ್ಟೆ.

ಈ ಕೆಲಸದಲ್ಲಿ ಕಣ್ಣು ಬರೆಯುವುದು ಕೊನೆಗೆ. ಬೂಟು, ಪಟ್ಟಿ, ಗುಂಡಿ ಎಲ್ಲ ಒಣಗಿದ ಮೇಲೆ, ಸೈನಿಕನನ್ನು ಅಂಟಿಸಿಟ್ಟ ಬಾಟಲಿ ಮುಚ್ಚಳವನ್ನು ಮಾವ ಎಡಗೈಯಲ್ಲಿ ಹಿಡಿದು, ಬಲಗೈಯ ಕಿರುಬೆರಳನ್ನು ಅದಕ್ಕೆ ಊರುತ್ತಾನೆ. ಹಾಗೆ ಊರಿದರೆ ಕೈ ಅಲುಗುವುದಿಲ್ಲ. ಆಮೇಲೆ ಉಸಿರು ಹಿಡಿದು ಬಿಳಿಯ ಒಂದು ಗೀರು, ಅದರ ಮೇಲೆ ಕಪ್ಪು ಚುಕ್ಕೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸೀನುವಂತಿಲ್ಲ. ಕುಂಚ ಕೂದಲೆಳೆಯಷ್ಟು ಜಾರಿದರೂ ವೀರಯೋಧ ಮೆಳ್ಳೆಗಣ್ಣನಾಗುತ್ತಾನೆ. ಸ್ಪಿರಿಟ್ ಹತ್ತಿಯಿಂದ ಒರೆಸಿ ಮತ್ತೆ ಬರೆಯಬಹುದು. ಒರೆಸಿ ಒರೆಸಿ ಮುಖವೇ ಕೆಟ್ಟವರು ಬಿಸ್ಕತ್ತಿನ ಡಬ್ಬಿ ಸೇರುತ್ತಾರೆ. ಅದಕ್ಕೆ ಮೆಳ್ಳೆಗಣ್ಣಿನ ಪಲ್ಟನ್ ಎಂದು ಹೆಸರಿಟ್ಟವಳು ನಾನೇ.

ಹೋದ ವರ್ಷ ವಕೀಲರು ಒಂದು ಪೆಟ್ಟಿಗೆ ವಾಪಸ್ ತಂದರು. ಕೆಂಪು ಕೋಟಿನವರಲ್ಲಿ ಯಾರು ಯಾವ ಪಡೆಯವರೆಂದು ತಿಳಿಯುವುದು ಕಾಲರಿನ ಬಣ್ಣದಿಂದ. ಅದು ತಪ್ಪಿದರೆ ಆಡುವವರಿಗೆ ಊಟ ಸೇರುವುದಿಲ್ಲ.

“ನಾನು ಹೇಳಿದ್ದು ಹಳದಿ ಕಾಲರು. ಇವರೆಲ್ಲ ಬಿಳಿ ಕಾಲರಿನವರು. ಬೇರೆ ಪಡೆಯೋರು ನನ್ನ ಮನೆಗೆ ಬಂದುಬಿಟ್ಟಿದ್ದಾರಲ್ಲ!”

“ಹಳದೀನೇ ಇದೆಯಲ್ಲ ಸಾರ್,” ಎಂದ ಮಾವ.

ವಕೀಲರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಕಾಲರುಗಳು ಸುಣ್ಣದ ಹಾಗೆ ಬೆಳ್ಳಗಿದ್ದವು.

ಮಾವನ ಬಣ್ಣದ ಸೀಸೆಗಳ ಮೇಲೆ ಹೆಸರಿರುವುದಿಲ್ಲ. ತಾನೇ ಬೆರೆಸಿದ ಬಣ್ಣಕ್ಕೆ ಚೀಟಿ ಅಂಟಿಸುವುದು ಹೆತ್ತ ಮಗುವಿನ ಕೊರಳಿಗೆ ವಿಳಾಸ ಕಟ್ಟಿದ ಹಾಗೆ ಎಂಬ ಜಂಬ ಅವನದು. ವಕೀಲರು ಹೋದ ಮೇಲೆ ಅತ್ತೆ ಎರಡು ಸೀಸೆ ಎತ್ತಿ ಹಿಡಿದರು.

“ರೀ, ಇದರಲ್ಲಿ ಹಳದಿ ಯಾವುದು ಹೇಳಿ.”

ಮಾವ ಕನ್ನಡಕ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಕೊನೆಗೆ ಬಿಳಿಯದನ್ನು ಮುಟ್ಟಿದ. ಅತ್ತೆ ಸೀಸೆಗಳನ್ನು ಕೆಳಗಿಟ್ಟು ಒಳಗೆ ಹೋದರು.

ಕಣ್ಣಿನ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. “ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣಿಂದು ಚೆನ್ನಾಗಿ ಬಲಿತಿದೆ. ಪೊರೆ ಹಳದಿಯಾದ್ರೆ ಲೋಕವೆಲ್ಲ ಹಳದಿ. ಆಪರೇಷನ್ ಆಗಬೇಕು. ತಡ ಮಾಡಿದಷ್ಟೂ ಕಷ್ಟ.”

ಮಾವ ಮನೆಗೆ ಬಂದವನೇ, “ನಿನ್ನ ಅಜ್ಜಿಗೆ ಕಣ್ಣು ಹೋಗಿದ್ದು ಆಪರೇಷನ್ ಆದ ಮೇಲೇ ಕಣೇ,” ಎಂದ.

“ಆ ಕಾಲ ಬೇರೆ ಮಾವ. ಈಗ ಹೋಗಿ ಬರುವಷ್ಟರಲ್ಲಿ ಮುಗಿಯುತ್ತಂತೆ.”

“ಅಂತೆ! ಕಣ್ಣಿನ ಹತ್ರ ಕೈ ಹೇಗೆ ಜಾರುತ್ತೆ ಅಂತ ನಿನಗೇನು ಗೊತ್ತು?” ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದ. “ಇವರೆಲ್ಲ ಯಾರ ಕೈಯಲ್ಲಿ ಹಾಳಾದವರು? ನನ್ನ ಕೈಯಲ್ಲಿ. ನನ್ನ ಕೈ ಜಾರಿದ್ರೆ ಸ್ಪಿರಿಟ್ ಹಚ್ಚಿ ಒರೆಸ್ತೀನಿ. ಆ ಡಾಕ್ಟರಮ್ಮನ ಕೈ ಜಾರಿದ್ರೆ ಏನು ಹಚ್ಚಿ ಒರೆಸ್ತಾರೆ?”

ನನಗೆ ನಗು ಬರಲಿಲ್ಲ. ಮೇಜಿನ ಮೇಲೆ ಬಿದ್ದಿದ್ದವರು ಒಬ್ಬ ಆ ಕಡೆ, ಒಬ್ಬ ಈ ಕಡೆ ನೋಡುತ್ತಿದ್ದರು, ಕೆಲವರಿಗೆ ಕಣ್ಣೇ ಇರಲಿಲ್ಲ. ಚಿಕ್ಕಂದಿನಲ್ಲಿ ಅವರನ್ನಿಟ್ಟುಕೊಂಡು ಆಡಿದವಳು ನಾನು. ಅವತ್ತು ಮೊದಲ ಸಲ ಅವರನ್ನು ಕಂಡು ಹೆದರಿದೆ. ಮಾವನ ಭಯಕ್ಕೆ ಬುಡ ಇತ್ತು.

ಆಮೇಲೆ ಶುರುವಾಯಿತು ನೋಡಿ. ಆಪರೇಷನ್ನಿಗೆ ದಿನ ಗೊತ್ತಾದರೆ ನೆಗಡಿ. ಇನ್ನೊಂದು ದಿನ ಗೊತ್ತಾದರೆ ಹೊಟ್ಟೆನೋವು. ಅತ್ತೆ ಬೈದರು, ಅತ್ತರು, ಮಾತು ಬಿಟ್ಟರು. ಮಾವ ಮಾತ್ರ ಸೀಸೆಗಳನ್ನು ಮೂಸಿ ನೋಡಿ ಬಣ್ಣ ಹಚ್ಚುತ್ತಿದ್ದ. ಒಂದು ಸಂಜೆ ನಾವಿಬ್ಬರೂ ಕುಂಚ ಕೊಳ್ಳಲು ಹೋದಾಗ ಅವನು ನನ್ನ ಕೈ ಬಿಡಿಸಿಕೊಂಡು ರಸ್ತೆಗೆ ಇಳಿದ. ಬಸ್ಸು ಕಿರುಚಿಕೊಂಡು ನಿಂತಿತು. ಡ್ರೈವರ್ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಮಾವ, “ಎಲ್ಲಿತ್ತೇ ಬಸ್ಸು?” ಎಂದು ನನ್ನನ್ನೇ ಕೇಳಿದ. ಅಷ್ಟು ದೊಡ್ಡ ಬಸ್ಸು!

ಮನೆಯ ಮೆಟ್ಟಿಲ ಮೇಲೆ ಕೂತು, “ಹೋಗೋಣ,” ಎಂದ. “ಆದ್ರೆ ಮೊದಲು ಆ ಡಾಕ್ಟರಮ್ಮನ ಕೈ ನೋಡಬೇಕು.”

ನೋಡಿಯೇ ನೋಡಿದ. ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ, “ಡಾಕ್ಟರೇ, ಕೈ ಸ್ವಲ್ಪ ಚಾಚಿ,” ಎಂದಾಗ ಅತ್ತೆಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿರಬೇಕು. ಡಾಕ್ಟರಮ್ಮ ಚಾಚಿದರು. ಕೈ ಕಂಬದ ಹಾಗೆ ನಿಂತಿತ್ತು. ಮಾವನಿಗೆ ಅಷ್ಟು ಸಾಲದು. ಡಬ್ಬಿಯ ಕತೆಯನ್ನೆಲ್ಲ ಹೇಳಿ ಕೇಳಿದ, “ನಿಮ್ಮ ಹತ್ರಾನೂ ಅಂಥ ಡಬ್ಬಿ ಇದೆಯಾ?”

ಅವರು ನಗಲಿಲ್ಲ. “ಇದೆ,” ಎಂದರು. “ತುಂಬಾ ಕಡಿಮೆ ಜನ. ಆದರೆ ಅವರ ಮುಖ ಮರೆತಿಲ್ಲ.”

ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅತ್ತೆ ಹೊರಗೆ ಬಂದು ಸಿಡುಕಿದರು. ಮಾವ ಮಾತ್ರ ಹಸಿರು ಅಂಗಿ ಹಾಕಿಸಿಕೊಂಡು, ಹಿಂತಿರುಗಿ ನೋಡದೆ ಒಳಗೆ ಹೋದ. ತಿರುಗಿದ್ದರೆ ಓಡಿಬರುತ್ತಿದ್ದನಂತೆ.

ಒಳಗಿನದು ಅವನೇ ಹೇಳಿದ್ದು. ಮುಖಕ್ಕೆಲ್ಲ ಬಟ್ಟೆ, ಒಂದು ಕಣ್ಣಿಗೆ ಮಾತ್ರ ಕಿಂಡಿ. ಔಷಧ ಬಿಟ್ಟ ಕಣ್ಣು ಮರಗಟ್ಟಿತ್ತು, ಮುಚ್ಚಲು ಬರುತ್ತಿರಲಿಲ್ಲ. ಮೇಲೆ ದೀಪ, ಬರೀ ಬೆಳಕು. ಮುಚ್ಚಳಕ್ಕೆ ಅಂಟಿಸಿದ ಬೊಂಬೆಯ ಹಾಗೆ ಬಿದ್ದುಕೊಂಡಿದ್ದ. ಎದ್ದುಬಿಡಲೇ ಎಂದುಕೊಳ್ಳುವಷ್ಟರಲ್ಲಿ ಕೆನ್ನೆಯ ಮೂಳೆಯ ಮೇಲೆ ಏನೋ ಬಂದು ಕೂತಿತು. ಮೊದಲು ಹಗುರಾಗಿ, ಆಮೇಲೆ ಗಟ್ಟಿಯಾಗಿ. ಕಿರುಬೆರಳು. ಡಾಕ್ಟರಮ್ಮ ಕೈ ಊರಿದ್ದರು. ಇನ್ನು ಮೊನೆ ಬರುವ ಹೊತ್ತು ಎಂದು ಅವನಿಗೆ ಗೊತ್ತು. ಇಷ್ಟು ವರ್ಷದ ರೂಢಿ, ತನ್ನಷ್ಟಕ್ಕೆ ಉಸಿರು ಹಿಡಿದುಬಿಟ್ಟ.

“ಉಸಿರಾಡಿ ಯಜಮಾನರೇ,” ಎಂದಿತು ಮೇಲಿನಿಂದ ದನಿ. “ಉಸಿರು ಹಿಡಿಯೋ ಕೆಲಸ ನನ್ನದು.”

ಪಟ್ಟಿ ಬಿಚ್ಚಿದ ಮೇಲೆ ಮಾವ ಮೊದಲು ಕೇಳಿದ್ದು ವಕೀಲರ ಪೆಟ್ಟಿಗೆ. ಬಿಳಿ ಕಾಲರು ಕಂಡು, “ಅಯ್ಯೋ, ಸುಣ್ಣ ಬಳಿದಿದ್ದೀನಲ್ಲೇ!” ಎಂದು ಹಣೆ ಚಚ್ಚಿಕೊಂಡ. ಎಡಗಣ್ಣಿನ ಸರದಿ ಬರುವ ತಿಂಗಳು. ಈಗಾಗಲೇ ಸಣ್ಣಗೆ ನೆಗಡಿ ಶುರುವಾಗಿದೆ, ರಾತ್ರಿ ನಿದ್ದೆ ಇಲ್ಲ. ಆದರೂ ನಿನ್ನೆ ಚಹಾ ಕೊಡಲು ಹೋದಾಗ ಕಂಡೆ. ಮಾವ ಒಬ್ಬ ಹೊಸ ಸೈನಿಕನ ಮುಂದೆ ಬಾಗಿ, ಕಿರುಬೆರಳು ಊರಿ, ಕುಂಚ ಎತ್ತಿದ್ದ. ಬರೆಯುವ ಮುನ್ನ ಆ ತವರದ ಕಿವಿಯಲ್ಲಿ ಮೆಲ್ಲಗೆ ಹೇಳಿದ:

“ಹೆದರಬೇಡಪ್ಪಾ. ನೀನು ಉಸಿರಾಡು.”