ಹಡಗಿನ ಸಿನಿಮಾ ಮತ್ತು ಸೋಮವಾರದ ಎತ್ತು

ದಾಂಡೇಲಿಯಲ್ಲಿ ನಮ್ಮ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದಾಗ ಒಂದು ಇಂಗ್ಲಿಷ್ ಸಿನಿಮಾ ತಂದಿದ್ದೆ. ಹಾಯಿ ಕಟ್ಟಿದ ಯುದ್ಧದ ಹಡಗು, ಮಾತೆತ್ತಿದರೆ ಚಾಟಿ ಬೀಸುವ ಕಪ್ತಾನ, ಕೊನೆಗೆ ಅವನ ಮೇಲೆ ತಿರುಗಿಬೀಳುವ ಹಡಗಿನ ಆಳುಗಳು, ಅಂದರೆ ಖಲಾಸಿಗಳು. ಇಂಥ ಸಿನಿಮಾ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಪಕ್ಕದಲ್ಲಿ ನಿಂತು ಮೈಕಿನಲ್ಲಿ ಕನ್ನಡದ ಕಥೆ ಹೇಳುವವನೊಬ್ಬ ಬೇಕು. ಅದಕ್ಕೆ ಬೇರೆ ಆಳು ಯಾಕೆಂದು ನಾನೇ ಹೇಳುತ್ತಿದ್ದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಳು ಇಟ್ಟು ದುಡಿಸುವವನಾದ್ದರಿಂದ ಕಪ್ತಾನನ ಪಕ್ಷ ಹಿಡಿದೆ: ಬಿಗಿ ಇಲ್ಲದೆ ಹಡಗು ನಡೆಯುವುದಿಲ್ಲ, ಖಲಾಸಿಗಳು ಮೈಗಳ್ಳರು ಅಂತ.

ನಮ್ಮ ಆಳುಗಳು ದಿನಾ ಹಿಂದೆ ಕೂತು ನೋಡಿದರು. ಹಳಿಯಾಳದ ಕಡೆಯ ಒಕ್ಕಲಿಗರು, ಸುಗ್ಗಿ ಮುಗಿದ ಮೇಲೆ ತಮ್ಮ ಎತ್ತು-ಚಕ್ಕಡಿ ಸಮೇತ ನನ್ನ ಹತ್ತಿರ ಬರುತ್ತಿದ್ದರು. ಹಗ್ಗ ಎಳೆಯುವುದು, ಕಂಬ ನಿಲ್ಲಿಸುವುದು, ಡೇರೆಯ ಬಟ್ಟೆ ಏರಿಸುವುದು ಅವರ ಕೆಲಸ. ಪರದೆಯ ಮೇಲಿನವರದ್ದೂ ಹೆಚ್ಚುಕಡಿಮೆ ಅದೇ.

ರವಿವಾರ ಕೊನೆಯ ಆಟ. ಮುಂದಿನ ಮುಕ್ಕಾಮು ಹಳಿಯಾಳ. ಮಂಗಳವಾರ ಮುಂಜಾನೆ ಅಲ್ಲಿ ನಮ್ಮ ಕಂಬ ನೆಟ್ಟಿರದಿದ್ದರೆ ಬಯಲನ್ನು ಇನ್ನೊಂದು ಟಾಕೀಸಿನವನಿಗೆ ಕೊಡುತ್ತೇನೆಂದು ಜಾಗದ ಯಜಮಾನ ಹೇಳಿ ಕಳಿಸಿದ್ದ. ಸೋಮವಾರ ಎದ್ದವನೇ "ಚಕ್ಕಡಿ ಹೂಡ್ರಿ" ಅಂದೆ. ಯಾರೂ ಏಳಲಿಲ್ಲ.

ಅವರಲ್ಲಿ ಹಿರಿಯನನ್ನು ನಾನು ಕಾಕಾ ಅನ್ನುತ್ತಿದ್ದೆ. ಅವನೇ ಬಾಯಿಬಿಟ್ಟ. "ಇವತ್ತ ಸೋಮವಾರ ಐತ್ರಿ ಸಾವ್ಕಾರ್ರ. ಬಸವಣ್ಣನ ಹೆಗಲಿಗೆ ನೊಗ ಇಡೂದಿಲ್ಲ."

"ಅದು ಹೊಲಕ್ಕ ಕಾಕಾ. ಇದು ಬರೇ ಹಾದಿ."

"ಹೊಲ ಯಾವುದು ಹಾದಿ ಯಾವುದು ಎತ್ತಿಗೇನ್ ಗೊತ್ತರಿ?"

ಉಳಿದವರು ನಕ್ಕರು. ಹೋಳಿಗೆ ಊಟ ಅಂದೆ, ಹಬ್ಬಕ್ಕೆ ಹೆಚ್ಚಿನ ರಜೆ ಅಂದೆ. ಆಗಲಿಲ್ಲ. "ಹಡಗಿನ ಮಂದೀನ ನೋಡಿ ಕಲತೀರೇನು?" ಎಂದು ಕೇಳಿದೆ.

"ಹೌದ್ರಿ. ವೈರಿ ಬಂದಾಗ ಅವರು ತೋಪು ಹಾರಿಸಿದ್ರು. ಕಪ್ತಾನ ಎಷ್ಟ ಒದರಿದ್ರೂ ಹಾಯಿ ಮಾತ್ರ ಏರಿಸಲಿಲ್ಲ. ನಾವೂ ಹಂಗ. ಡೇರೆ ಬಿಚ್ಚತೇವಿ, ಕಂಬ ಕೀಳತೇವಿ, ಚಕ್ಕಡಿಗೆ ಹೇರತೇವಿ. ನೊಗ ನಾಳೆ."

"ಅದನ್ನ ನಾ ಯಾವಾಗ ಹೇಳಿದೆ?"

"ನೀವೆಲ್ಲಿ ಹೇಳಿದ್ರಿ. ನೀವು ಕಪ್ತಾನಂದ ಹೇಳಾಕತ್ತಿದ್ರಿ. ನಾವು ಖಲಾಸಿ ಮಾರಿ ನೋಡ್ಕೊಂತ ಕುಂತಿದ್ವಿ."

ಲಾರಿ ಹುಡುಕಿಕೊಂಡು ಹೋದೆ. ಇದ್ದಬದ್ದ ಲಾರಿಯೆಲ್ಲ ಕಾಗದದ ಕಾರ್ಖಾನೆಗೆ ಬಿದಿರು ಹೊರುತ್ತಿತ್ತು. ಸಂಜೆ ಕಾಲೆಳೆದುಕೊಂಡು ಮರಳಿದಾಗ ಡೇರೆ ಮಡಿಚಿ, ಹಗ್ಗ ಸುತ್ತಿ, ಎಲ್ಲ ಅಚ್ಚುಕಟ್ಟಾಗಿ ಹೇರಿಟ್ಟಿದ್ದರು. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಬೈಯಲು ಒಂದು ತಪ್ಪೂ ಸಿಗಲಿಲ್ಲ. ಸಿಕ್ಕಿದ್ದರೂ ಬೈಯುವ ತ್ರಾಣವಿರಲಿಲ್ಲ.

ವ್ಯಾಪಾರಕ್ಕಿಳಿಯುವವರಿಗೆ ಹೇಳುತ್ತೇನೆ, ಚೌಕಾಶಿಗೆ ಕೂಡುವ ಮೊದಲು ಎದುರಿನವನು ಏನನ್ನು ಮಾರಲು ತಂದಿಲ್ಲ ಎಂಬುದನ್ನು ನೋಡಿಕೊಳ್ಳಿ. ನಾನು ನೋಡಿಕೊಂಡಿರಲಿಲ್ಲ.

ಮಂಗಳವಾರ ಬಿಸಿಲೇರಿದ ಮೇಲೆ ಹಳಿಯಾಳ ಮುಟ್ಟಿದೆವು. ಬಯಲಿನ ನಡುವೆ ಇನ್ನೊಬ್ಬನ ಕಂಬ ನಿಂತಿತ್ತು. ಇನ್ನು ಉಳಿದದ್ದು ಮುಂಡಗೋಡ, ಅದೂ ದೂರದ ಹಾದಿ. ಚಕ್ಕಡಿಯ ನೆರಳಲ್ಲಿ ಕೂತೆ.

"ಮುಂಡಗೋಡಕ್ಕ ಹೋಗೂಣು, ಕಾಕಾ" ಅಂದೆ.

"ಹೋಗೂಣ್ರಿ. ರವಿವಾರದ ತನಕ ನಮ್ಮದೇನು ತಕರಾರಿಲ್ಲ" ಎಂದು ಅವನು ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದ.