ಸಕ್ಕರೆ ಹಾಕದ ಒಂದು ಕಪ್ ಚಹಾ

ಸಕ್ಕರೆ ಕಾಯಿಲೆ ತಡೆಯುವ ಕಾರ್ಯಕ್ರಮ ನೋಡಲು ಹೋಗಿ, ತುಟಿಗೆ ಅಂಟುವಷ್ಟು ಸಿಹಿ ಚಹಾ ಕುಡಿದು ಬಂದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅಲ್ಲ, ತಪ್ಪಾಯಿತು. ಆ ಕಾರ್ಯಕ್ರಮದ ಹೆಂಗಸರೆಲ್ಲ ಅದನ್ನು ದಿನಾ ಕುಡಿಯುತ್ತಾರೆ.

ಆದದ್ದು ಇಷ್ಟು. ಚಿಂಚೋಳಿ ತಾಲೂಕಿನಲ್ಲಿ, ಐನಾಪುರದ ಆಚೆ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿನ ಹೆಂಗಸರಲ್ಲಿ ಶುಗರ್, ಬಿಪಿ ಹೆಚ್ಚುತ್ತಿದೆ ಎಂದು ಒಂದು ಸಂಸ್ಥೆಯವರು ಸಂಜೆ ನಡಿಗೆ ಶುರು ಮಾಡಿಸಿದ್ದಾರೆ. ಆಗಾಗ ರಕ್ತ ನೋಡುವುದು, ಊಟದ ಬಗ್ಗೆ ಹೇಳಿಕೊಡುವುದು ಎಲ್ಲ ಇದೆ. ಇದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ? ಹೊರಗಿನವರೊಬ್ಬರು ನೋಡಿ ಬರೆದುಕೊಡಲಿ ಎಂದು ನನ್ನನ್ನು ಕೇಳಿದರು. (ವಾರವಾರ ಅಂಕಣ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ಯಾಕೆ ನಂಬುತ್ತಾರೋ!) ನಾನೂ ಜಂಬದಿಂದ ಹೂಂ ಅಂದೆ. ಚಿತ್ತಾಪುರದಲ್ಲಿ ಬಸ್ ಹತ್ತಿ, ಸೇಡಂನಲ್ಲಿ ಬದಲಿಸಿ, ಚಿಂಚೋಳಿಯಲ್ಲಿ ಇಳಿದೆ.

ಕಾರ್ಯಕ್ರಮ ನಡೆಸುವ ರೇಣುಕಾ ಎಂಬ ನರ್ಸ್ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಮುಖ ಸಪ್ಪಗಿತ್ತು. ಹೆಂಗಸರು ಒಂದು ದಿನವೂ ತಪ್ಪಿಸದೆ ನಡೆಯುತ್ತಾರಂತೆ. ಆದರೆ ಈ ಸಲ ರಕ್ತ ನೋಡಿದರೆ ಇಳಿಯಬೇಕಾದ ಶುಗರ್ ಏರಿದೆಯಂತೆ! ಎಲ್ಲಿ ತಪ್ಪಾಗಿದೆ ಎಂದು ಆಕೆಗೆ ತಿಳಿಯುತ್ತಿರಲಿಲ್ಲ.

ರೇಣುಕಾ ಹಾಜರಿ ಹಾಕಿ ಕಳಿಸುತ್ತಾಳೆ, ಜೊತೆಗೆ ಹೋಗುವುದಿಲ್ಲ; ಆ ಸಂಜೆ ಅವರ ಜೊತೆ ನಾನು ನಡೆದೆ. ಹಗಲೆಲ್ಲ ತೊಗರಿ ಹೊಲದಲ್ಲಿ ಬಗ್ಗಿ ಎದ್ದು ಬಂದವರಿಗೆ ವ್ಯಾಯಾಮ ಮಾಡಿ ಎನ್ನುತ್ತೇವಲ್ಲ, ನಾವು ಎಂಥವರು? ಅವರೇನೂ ಬೇಜಾರು ಮಾಡಿಕೊಂಡಿರಲಿಲ್ಲ. ನಗುತ್ತ, ಲಂಬಾಣಿಯಲ್ಲಿ ಒಬ್ಬರನ್ನೊಬ್ಬರು ಕಾಲೆಳೆಯುತ್ತ ನನಗಿಂತ ಜೋರಾಗಿ ನಡೆದರು. ಲಾರಿ ಓಡಾಡದ ದಾರಿ ಎಂದು ರೇಣುಕಾ ಆರಿಸಿದ್ದ ಆ ದಾರಿ ಪಕ್ಕದ ತಾಂಡಾಕ್ಕೆ ಹೋಗಿ ಮುಟ್ಟುತ್ತದೆ. ಅಲ್ಲಿ ತಿರುಗಿ ವಾಪಸ್ ಬರುವುದು ಲೆಕ್ಕ. ಆದರೆ ಯಾರೂ ತಿರುಗಲಿಲ್ಲ. ಒಬ್ಬೊಬ್ಬರು ಒಂದೊಂದು ಮನೆ ಹೊಕ್ಕರು.

ಆಗ ಗೊತ್ತಾಯಿತು. ಅವರಲ್ಲಿ ಅರ್ಧಕ್ಕರ್ಧ ಹೆಂಗಸರಿಗೆ ಅದು ತವರು!

ಸಂಜೆ ಹೊತ್ತು ತವರಿಗೆ ಬಂದ ಮಗಳನ್ನು ಬಾಯಿ ಸಿಹಿ ಮಾಡದೆ ಯಾರಾದರೂ ಕಳಿಸುತ್ತಾರೆಯೇ? ಚಹಾ ಬಂತು, ಒಂದು ಮನೆಯಲ್ಲಿ ಶಿರಾ ಬಂತು. ಅಲ್ಲಿ ತವರಿಲ್ಲದವರು ಗೆಳತಿಯ ತವರಿಗೆ ಹೋದರು. ಹೊರಗಿನವಳೆಂದು ನನಗಂತೂ ಮನೆಮನೆಯಲ್ಲೂ ಚಹಾ ಆಯಿತು. (ನನಗೂ ಶುಗರ್ ಇದೆ. ಮನೆಯಲ್ಲಿ ಹೇಳಬೇಡಿ.) ಇಲ್ಲಿಗೇ ಯಾಕೆ ಬರುತ್ತೀರಿ, ಸುಮ್ಮನೆ ನಡೆದು ಹಿಂದಿರುಗಬಹುದಲ್ಲ ಎಂದು ಕೇಳಿದೆ. ಶಾಂತಾಬಾಯಿ ಎಂಬಾಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

“ಖಾಲಿ ತಿರುಗಾಡ್ಲಿಕ ನಾಚಿಕಿ ಬರ್ತದ್ರಿ ಅಕ್ಕಾರ. ಎಲ್ಲಿಗಿ ಹೊಂಟೀರಿ ಅಂತ ಯಾರರ ಕೇಳಿದ್ರ ಏನ್ ಹೇಳಬೇಕು?”

ಈ ಶಾಂತಾಬಾಯಿಯ ಕತೆ ನನ್ನ ತಲೆ ಪೂರ್ತಿ ಕೆಡಿಸಿತು. ಗಂಡ ಹೋದ ಮೇಲೆ ಆಕೆ ಮನೆ ಬಿಟ್ಟು ಹೊರಬೀಳುತ್ತಿರಲಿಲ್ಲ. ತವರಿನಲ್ಲಿ ಅಣ್ಣನ ಹೆಂಡತಿ, ಆಕೆಯ ಬಾಯಲ್ಲಿ ‘ವೈನಿ’, ಸೀತಾಬಾಯಿಯೊಂದಿಗೆ ಹಳೆಯ ಮನಸ್ತಾಪ. ಶಾಂತಾಬಾಯಿಯ ಮಗಳ ಮದುವೆಯಲ್ಲಿ ಆಡಿದ ಯಾವುದೋ ಮಾತು. ಅಂದಿನಿಂದ ಆ ಮನೆಯಲ್ಲಿ ನೀರೂ ಮುಟ್ಟಿರಲಿಲ್ಲ. ಈ ನಡಿಗೆ ಶುರುವಾದ ಮೇಲೆ ದಿನಾ ಅದೇ ಬಾಗಿಲ ಮುಂದೆ ಹಾಯಬೇಕು. ಮೊದಮೊದಲು ತಲೆ ತಗ್ಗಿಸಿ ದಾಟಿದಳಂತೆ. ಒಂದು ಸಂಜೆ ಸೀತಾಬಾಯಿಯೇ ಕಪ್ಪು-ಬಸಿ ಹಿಡಿದು ರಸ್ತೆಗೆ ಬಂದು ನಿಂತಳಂತೆ. ಶಾಂತಾಬಾಯಿ ಅಲ್ಲೇ ನಿಂತು ಕುಡಿದಳಂತೆ. ಅಲ್ಲಿಂದ ದಿನವೂ ಆ ಮನೆಯ ಕಟ್ಟೆ, ದಿನವೂ ಆ ಚಹಾ.

ಈ ಮಾತು ಕೇಳಿ ನನಗೆ ಖುಷಿಯಾಯಿತು. ವಾಪಸ್ ಬಂದ ಮೇಲೆ ರೇಣುಕಾ ಆಕೆಯ ಕಾಲು ತೋರಿಸಿದಳು. ಹೆಬ್ಬೆರಳಿನ ಹುಣ್ಣು ಮಾಯುತ್ತಲೇ ಇಲ್ಲ. ಶುಗರ್ ಹೀಗೇ ಇದ್ದರೆ ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರಂತೆ.

ಆ ಹೆಂಗಸಿಗೆ ಆ ಚಹಾ ಔಷಧವೋ, ವಿಷವೋ?

ಮರುದಿನ ನಾನು ಬುದ್ಧಿವಂತಳಾದೆ. ಎಲ್ಲರಿಗಿಂತ ಮೊದಲು ಸೀತಾಬಾಯಿಯ ಮನೆಗೆ ಹೋಗಿ, ನಾದಿನಿಯ ಹುಣ್ಣಿನ ವಿಷಯ ಹೇಳಿ, ಇವತ್ತಿನಿಂದ ಆಕೆಯ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದೆ. ಸೀತಾಬಾಯಿ ಗಾಬರಿಯಾದಳು. ಹುಣ್ಣಿನ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ನೀವು ಹೇಳಿದ್ದು ಚಲೋ ಆಯಿತು ಎಂದಳು. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ವರದಿಗೆ ಒಳ್ಳೆಯ ಮುಕ್ತಾಯವೂ ಸಿಕ್ಕಿತಲ್ಲ!

ಶಾಂತಾಬಾಯಿ ಬಂದಳು, ಕಟ್ಟೆಯ ಮೇಲೆ ಕುಳಿತಳು, ಬಸಿಗೆ ಸುರಿದು ಒಂದು ಗುಟುಕು ಕುಡಿದಳು. ಅತ್ತಿಗೆಯ ಮುಖ ನೋಡಿದಳು. ಬಸಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದಳು.

ನಾನು ಹಿಂದೆಯೇ ಓಡಿದೆ. ಸಕ್ಕರೆ ಬೇಡ ಎಂದವಳು ನಾನು, ಅವರದೇನೂ ತಪ್ಪಿಲ್ಲ, ಎಲ್ಲ ನಿಮ್ಮ ಕಾಲಿನ ಸಲುವಾಗಿ ಎಂದು ಪರಿಪರಿಯಾಗಿ ಹೇಳಿದೆ. ಆಕೆ ನಿಲ್ಲಲಿಲ್ಲ. ನಡೆಯುತ್ತಲೇ ಹೇಳಿದಳು.

“ನೀವು ಹೇಳಿದ್ದು ಖರೆ ಅದ ಅಕ್ಕಾರ. ಆದ್ರ ವೈನಿ ಹಾಕ್ಲಿಲ್ಲಲ್ರಿ.”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಸುಮ್ಮನೆ ಬಸ್ ಹತ್ತಿ ಊರಿಗೆ ಬಂದೆ.

ಮರುದಿನ ರೇಣುಕಾಳ ಫೋನು. ಶಾಂತಾಬಾಯಿ ನಡಿಗೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಯಲ್ಲಿ ಕುಳಿತಿದ್ದಾಳೆ, ಮೊದಲಿನ ಹಾಗೇ. ಮಜಾ ನೋಡಿ, ಚಹಾ ನಿಂತ ಮೇಲೆ ಆಕೆಯ ಶುಗರ್ ಇಳಿಯಲೂಬಹುದು. ಮುಂದಿನ ಸಲ ರಕ್ತ ನೋಡಿದವರು ಕಾರ್ಯಕ್ರಮ ಯಶಸ್ವಿ ಎಂದು ಬರೆಯಲೂಬಹುದು. ನಡಿಗೆ ಬಿಟ್ಟು, ತವರು ಬಿಟ್ಟು, ಮೂಲೆ ಹಿಡಿದ ಹೆಂಗಸಿನ ಮೇಲೆ ಯಶಸ್ಸಿನ ಮುದ್ರೆ! ವರದಿ ಬರೆಯಲು ಕುಳಿತೆ. ನಿಲ್ಲಿಸಿ ಎಂದರೆ ಉಳಿದವರ ತವರಿನ ದಾರಿ ಮುಚ್ಚುತ್ತದೆ. ಮುಂದುವರಿಸಿ ಎಂದರೆ ಇನ್ನೊಬ್ಬಳ ಬೆರಳಿಗೆ ಬಂದೀತು. ದಾರಿ ಬದಲಿಸಿ ಅನ್ನೋಣವೇ? ಎಲ್ಲಿಗೂ ಮುಟ್ಟದ ದಾರಿಯಲ್ಲಿ ಅವರು ಯಾಕೆ ನಡೆದಾರು?

ನಮ್ಮ ಮನೆಗಳಲ್ಲೇನು ಬೇರೆಯೇ? ಬೀಗರ ಮನೆಯಲ್ಲಿ ಹೋಳಿಗೆ ಬೇಡ ಎಂದು ನೋಡಿ. ಶುಗರ್ ಇದೆ ಎಂದರೆ ಒಂದಕ್ಕೇನಾಗ್ತದ ತಿನ್ರಿ ಎನ್ನುತ್ತಾರೆ. ಆದರೂ ತಿನ್ನದಿದ್ದರೆ, ಇವರಿಗೆ ನಮ್ಮ ಮೇಲೆ ಏನೋ ಇದೆ ಎಂದು ಒಳಗೆ ಗುಸುಗುಸು. ಅದಕ್ಕೇ ತಿನ್ನುತ್ತೇವೆ. ಮನೆಗೆ ಬಂದು ಗುಳಿಗೆ ನುಂಗುತ್ತೇವೆ.

ನಿನ್ನೆ ಮತ್ತೆ ರೇಣುಕಾಳ ಫೋನು. ಈ ಸಲ ಧ್ವನಿಯಲ್ಲಿ ನಗು. ಕಾರ್ಯಕ್ರಮದಲ್ಲಿ ಹೆಸರೇ ಇಲ್ಲದ ಸೀತಾಬಾಯಿ, ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದು ಕೈಯಲ್ಲಿ ಕಪ್ಪು-ಬಸಿ ಹಿಡಿದು ಅಷ್ಟೂ ದಾರಿ ನಡೆದು ನಾದಿನಿಯ ಮನೆಗೆ ಬಂದಳಂತೆ. ಕಾಲು ಮುಂದೆ ಚಾಚು ಎಂದು ಹುಣ್ಣು ನೋಡಿ ಅತ್ತಳಂತೆ. ಆಮೇಲೆ ಚಹಾ ಬಗ್ಗಿಸಿದಳಂತೆ. ಕಪ್ಪಿನಲ್ಲಿ ಒಬ್ಬಳು, ಬಸಿಯಲ್ಲಿ ಒಬ್ಬಳು ಕುಡಿದರಂತೆ.

ನನಗೆ ತಡೆಯಲಾಗಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿದ್ದಳಾ ಎಂದು ಕೇಳಿದೆ.

“ನಾ ಕೇಳಲಿಲ್ರಿ ಮೇಡಂ.”

ನೀವಾಗಿದ್ದರೆ ಕೇಳುತ್ತಿದ್ದಿರಾ?