ಆರನೇ ಕೋಣೆಯ ಎರಡೂವರೆ ನಿಮಿಷ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಶಾಲೆಯ ಆರನೇ ಕೋಣೆಯಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಒದ್ದೆ ಬಟ್ಟೆಯಿಂದ ಡೆಸ್ಕುಗಳನ್ನು ಒರೆಸುತ್ತಿದ್ದಾರೆ. ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕದ ಖಾಲಿ ಡೆಸ್ಕಿನ ಮೇಲೆ ಮಾತ್ರ ಒಂದು ಗೇಣು ಜಾಗ ಬಿಟ್ಟು ಸುತ್ತಲೂ ಒರೆಸುತ್ತಾರೆ. "ಅಲ್ಲಿ ಕೈ ಇಟ್ಟು ನೋಡಿ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನಗೆ. ಇಡುತ್ತೇನೆ. ಉಳಿದ ಮರವೆಲ್ಲ ತಣ್ಣಗೆ ಕೊರೆಯುತ್ತಿದೆ, ಅಷ್ಟು ಜಾಗ ಮಾತ್ರ ಬೆಚ್ಚಗಿದೆ. ಆ ಕಿಟಕಿಗೆ ಬಿಸಿಲು ಬರುವುದು ಒಂಬತ್ತರ ಮೇಲೆ.

ಮಕ್ಕಳು ಇವರನ್ನು ಬಿಡುವಕ್ಕ ಎಂದು ಕರೆಯುತ್ತಾರೆ. ಕಾಗದದ ಮೇಲೆ ಇವರು ಕಸ ಗುಡಿಸುವವರು. ಆದರೆ ಇಪ್ಪತ್ತು ವರ್ಷದಿಂದ ಇವರ ನಿಜವಾದ ಕೆಲಸ ಮಕ್ಕಳ ತಲೆಗೆ ವಿಶ್ರಾಂತಿ ಕೊಡುವುದು. ಪಾಠದ ನಡುವೆ ಇವರು ಬಾಗಿಲಿಗೆ ಬಂದು ನಿಂತರೆ ಮೇಷ್ಟ್ರು ಸೀಮೆಸುಣ್ಣ ಕೆಳಗಿಡುತ್ತಾರೆ, ಮಕ್ಕಳು ಡೆಸ್ಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಾರೆ. ಬೆರಳ ಗೆಣ್ಣುಗಳ ಮೇಲೆ ನೂರಿಪ್ಪತ್ತರವರೆಗೆ ಎಣಿಸಿ ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟುತ್ತಾರೆ. ಎಲ್ಲರೂ ಏಳುತ್ತಾರೆ, ಪಾಠ ಮುಂದುವರಿಯುತ್ತದೆ. ಒಂಬತ್ತು ಕೋಣೆ, ದಿನಕ್ಕೆ ಐದು ಪಾಠ, ಒಟ್ಟು ನಲವತ್ತೈದು ಬಿಡುವು. ನನ್ನ ಕಾಲದಲ್ಲಿ ತರಗತಿಯ ತೂಕಡಿಕೆಗೆ ಇಂಥ ಮರ್ಯಾದೆ ಇದ್ದಿದ್ದರೆ ವರ್ಷವರ್ಷವೂ ಮೊದಲ ಬಹುಮಾನ ನನಗೇ ಬರುತ್ತಿತ್ತು.

ಇದನ್ನು ಶುರು ಮಾಡಿದವರು ಈಗ ನಿವೃತ್ತರಾಗಿರುವ ಗಣಿತದ ಮೇಷ್ಟ್ರು. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಮಕ್ಕಳ ಕಣ್ಣು ತೆರೆದೇ ಇರುತ್ತಿತ್ತು, ಒಳಗೇನೂ ಇಳಿಯುತ್ತಿರಲಿಲ್ಲ. "ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದರೆ ನೆಲ ಒದ್ದೆ ಆಗುತ್ತೆ ಅಷ್ಟೇ ಅಂದ್ರು ಮೇಷ್ಟ್ರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೂ ಯಾರಾದ್ರೂ ಹಿಂಗೆ ಎರಡು ನಿಮಿಷ ಕೊಟ್ಟಿದ್ರೆ ಐದನೇದು ಮುಗಿಸ್ತಿದ್ನೇನೋ," ಎಂದು ಬಿಡುವಕ್ಕ ನಗುತ್ತಾರೆ.

ಬಿಡುವಿನಲ್ಲಿ ಇವರು ತಲೆ ಎಣಿಸುವುದಿಲ್ಲ, ಉಸಿರು ಎಣಿಸುತ್ತಾರೆ. ನಿಜವಾಗಿ ತಣಿದವರು ಯಾರು, ಕಳ್ಳಗಣ್ಣಿನವರು ಯಾರು ಎಂಬುದು ಉಸಿರಿನಲ್ಲೇ ತಿಳಿಯುತ್ತದಂತೆ. ಆರನೇ ಕೋಣೆಯಲ್ಲಿರುವುದು ಐದನೇ ತರಗತಿ, ಮೂವತ್ತಾರು ಮಕ್ಕಳು. ಇವರಿಗೆ ಕೇಳುವುದು ಮೂವತ್ತೇಳು ಉಸಿರು. ಅದಕ್ಕೇ ಆ ಕೋಣೆಗೆ ಮಾತ್ರ ಎರಡೂವರೆ ನಿಮಿಷ. ಯಾವ ಮೇಷ್ಟ್ರೂ ಯಾಕೆಂದು ಕೇಳುವುದಿಲ್ಲ.

ಕಾರಣ ಹೇಳುವುದು ಅವರೇ. ಹನ್ನೊಂದು ವರ್ಷದ ಹಿಂದೆ ಅವರ ಮಗಳು ಇದೇ ಕೋಣೆಯಲ್ಲಿ, ಆ ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದಳು. ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಆಗಿನ ಹೆಡ್‌ಮಾಸ್ಟರು ಬಿಡುವು ಒಂದು ನಿಮಿಷಕ್ಕೆ ಮುಗಿಯಲಿ ಎಂದರು. "ಅರವತ್ತಕ್ಕೇ ತಟ್ಟಿಬಿಟ್ಟೆ. ಎಲ್ಲರೂ ಎದ್ರು. ಇವಳೂ ಎದ್ಲು. ಆದ್ರೆ ಕಣ್ಣು ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಮೈ ಎದ್ದಿದೆ, ಮಗು ಎದ್ದಿಲ್ಲ."

ಮಗಳು ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದಳು. ಈಗ ಇಪ್ಪತ್ತೊಂದು ವರ್ಷ. ಡಾಕ್ಟರುಗಳಿಗೆ ಯಾವ ರೋಗವೂ ಸಿಕ್ಕಿಲ್ಲ. ಮಧ್ಯಾಹ್ನ ಅಮ್ಮನಿಗೆ ಊಟದ ಡಬ್ಬಿ ತಂದವಳನ್ನು ನಾನೂ ಮಾತಾಡಿಸುತ್ತೇನೆ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ, ಒಂದಕ್ಷರ ಹೆಚ್ಚಿಲ್ಲ. "ನಗು ಪುಟ್ಟಾ," ಎಂದು ಅಮ್ಮ ಹೇಳಿದರೆ ನಗುತ್ತಾಳೆ. "ಸಾಕು," ಎನ್ನುವವರೆಗೂ ನಗುತ್ತಲೇ ಇರುತ್ತಾಳೆ. "ಮನೇಲಿ ನನ್ನ ಪಕ್ಕದಲ್ಲೇ ಮಲಗ್ತಾಳೆ," ಎನ್ನುತ್ತಾರೆ ತಾಯಿ, ಅವಳು ಹೋದ ಮೇಲೆ. "ಅವಳ ಉಸಿರು ಕೇಳಿಸಲ್ಲ. ಇಲ್ಲಿ ಕೇಳಿಸುತ್ತೆ."

ಊಟದ ನಂತರದ ಪಾಠಕ್ಕೆ ನಾನೇ ಆರನೇ ಕೋಣೆಯ ಕೊನೆಯ ಸಾಲಿನಲ್ಲಿ, ಆ ಜಾಗದ ಪಕ್ಕ ಕೂರುತ್ತೇನೆ. ಬಾಗಿಲಲ್ಲಿ ಬಿಡುವಕ್ಕ ಕಾಣಿಸುತ್ತಾರೆ. ತಲೆಗಳೆಲ್ಲ ಕೆಳಗಿಳಿಯುತ್ತವೆ, ನನ್ನದೂ. ಆಮೇಲೆ ನನ್ನ ಎಡಗಿವಿಯ ಹತ್ತಿರ, ಯಾರೂ ಇಲ್ಲದ ಕಡೆಯಿಂದ, ಸಣ್ಣಗೆ ಒಂದು ಉಸಿರು ಬಂದು ಹೋಗುತ್ತದೆ. ನನ್ನ ಕೈ ಮೇಲಿನ ಕೂದಲು ಅಲುಗುತ್ತದೆ. ಭಯವಾಗುತ್ತದೆ, ಸುಳ್ಳೇಕೆ ಹೇಳಲಿ? ಕಣ್ಣು ತೆರೆಯುವ ಧೈರ್ಯ ಬರುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತಟ್ಟಿದ ಸದ್ದಾದಾಗ ಮೂವತ್ತಾರು ಮಕ್ಕಳು ಆಕಳಿಸುತ್ತಾ ಏಳುತ್ತಾರೆ, ಕಪ್ಪುಹಲಗೆಯ ಮೇಲಿನ ಲೆಕ್ಕವನ್ನು ಪಟಪಟನೆ ಬಿಡಿಸುತ್ತಾರೆ.

ಸೋಮವಾರದಿಂದ ಈ ಕೆಲಸ ಯಂತ್ರದ್ದು. ಒಂಬತ್ತೂ ಕೋಣೆಗೆ ವಿದ್ಯುತ್ ಗಂಟೆ ಬರುತ್ತದೆ, ಸರಿಯಾಗಿ ಎರಡು ನಿಮಿಷಕ್ಕೆ ಬಾರಿಸುತ್ತದೆ. ಬಿಡುವಕ್ಕನಿಗೆ ಗೇಟಿನ ಬಳಿ ಕುರ್ಚಿ. ಈಗಿನ ಹೆಡ್‌ಮಿಸ್ ಕೆಟ್ಟವರಲ್ಲ. "ಅವರಿಗೂ ವಯಸ್ಸಾಯ್ತು, ಕೂತ್ಕೊಳ್ಳಲಿ ಅಂತ ಮಾಡಿದ್ದು. ಒಂದು ಕೋಣೆಗೆ ಮಾತ್ರ ಗಂಟೆ ಬೇಡ ಅಂದ್ರೆ ಮೇಲಿನವರಿಗೆ ಏನಂತ ಕಾರಣ ಬರೀಲಿ, ನೀವೇ ಹೇಳಿ," ಎಂದು ನನ್ನನ್ನೇ ಕೇಳುತ್ತಾರೆ.

ಶಾಲೆ ಬಿಟ್ಟ ಮೇಲೆ ಬಿಡುವಕ್ಕ ಕಿಟಕಿಗಳನ್ನು ಮುಚ್ಚುತ್ತಾ ಬರುತ್ತಾರೆ. ಈ ಇಪ್ಪತ್ತು ವರ್ಷದಲ್ಲಿ ಎಷ್ಟು ಸಾವಿರ ಮಕ್ಕಳನ್ನು ಮಲಗಿಸಿ ಎಬ್ಬಿಸಿದ್ದೀರಿ ಎಂದು ಕೇಳುತ್ತೇನೆ. ಅವರಿಗೆ ಆ ಲೆಕ್ಕ ಬೇಡ.

"ಹನ್ನೊಂದು ವರ್ಷ ಒಂದೇ ಸಮನೆ ಇತ್ತು ಆ ಉಸಿರು. ಈ ತಿಂಗಳಿಂದ ಹಗುರ ಆಗಿದೆ. ಮಕ್ಕಳು ಏಳೋ ಮುಂಚೆ ಹಂಗೇ ಆಗೋದು, ನನಗೆ ಗೊತ್ತು," ಎನ್ನುತ್ತಾರೆ. "ಪೇಪರಲ್ಲಿ ನನ್ನ ಫೋಟೋ ಹಾಕ್ಬೇಡಿ. ಇನ್ನೊಂದು ನಾಲ್ಕು ದಿನ ಆ ಕೋಣೇಲಿ ಗಂಟೆ ಬಾರಿಸ್ಬೇಡಿ ಅಂತ ಬರೀರಿ, ಅಷ್ಟು ಸಾಕು. ಒಂದ್ಸಲ ನಾನೇ ಅವಸರ ಮಾಡ್ಬಿಟ್ಟೆ. ಈ ಸಲ ಮಗು ತಾನಾಗೇ ಏಳ್ಲಿ."